ಹೆಸರು ಅಚ್ಚಾಗದ ಕಾದಂಬರಿಕಾರ: ದಾಸರಿ ಸುಬ್ರಹ್ಮಣ್ಯಂ

ಕಥೆ ಕೇಳುವ ಮಗು 'ಆಮೇಲೆ ಏನಾಯಿತು?' ಎಂದು ಕೇಳುತ್ತದೆ. 'ಈ ಕಥೆಯನ್ನು ಕಟ್ಟಿದವರು ಯಾರು?' ಎಂದು ಕೇಳುವುದಿಲ್ಲ. ಅಜ್ಜಿ ಹೇಳಿದ ಕಥೆ ಅಜ್ಜಿಯದೇ. ಅಜ್ಜಿಗೆ ಅದು ಅವರ ಅಜ್ಜಿಯಿಂದ ಬಂದಿರುತ್ತದೆ. ಜನಪದ ಕಥೆಯ ಮಟ್ಟಿಗೆ ಇಷ್ಟು ತಿಳಿದರೆ ಸಾಕು. ಆದರೆ ಒಬ್ಬ ಲೇಖಕ ಮೇಜಿನ ಮುಂದೆ ಕುಳಿತು, ತಿಂಗಳಿಗೊಂದು ಕಂತಿನಂತೆ, ಸುಮಾರು ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಹನ್ನೆರಡು ಕಾದಂಬರಿಗಳನ್ನು ಬರೆದಿದ್ದಾನೆ. ಅವು ತಮ್ಮ ಮೂಲ ಭಾಷೆಯಿಂದ ಹಲವು ಭಾಷೆಗಳಿಗೆ ಹೋಗಿ ಲಕ್ಷಾಂತರ ಮಕ್ಕಳನ್ನು ತಲುಪಿವೆ. ಆದರೂ ಯಾವ ಕಂತಿನ ಕೆಳಗೂ ಆತನ ಹೆಸರಿಲ್ಲ. ಆಗ ಆ ಪ್ರಶ್ನೆಯನ್ನು ಬೆಳೆದು ದೊಡ್ಡವರಾದ ನಾವಾದರೂ ಕೇಳಬೇಕಾಗುತ್ತದೆ. 'ಚಂದಮಾಮ'ದ ಅದ್ಭುತ ಧಾರಾವಾಹಿಗಳ ಕರ್ತೃ ದಾಸರಿ ಸುಬ್ರಹ್ಮಣ್ಯಂ ಅವರ ವಿಚಾರದಲ್ಲಿ ನಡೆದದ್ದು ಇದೇ. ಇಂದಿನ ಮಾತು ಅವರ ಬದುಕು ಮತ್ತು ಬರಹವನ್ನು ಕುರಿತದ್ದು.

ಕೇಳುಗರಲ್ಲಿ ಅರವತ್ತು ದಾಟಿದವರಿಗೆ 'ಚಂದಮಾಮ'ವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಕಿರಿಯರಿಗಾಗಿ ಎರಡು ಮಾತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಗೆಳೆಯರು ೧೯೪೭ರ ಜುಲೈ ತಿಂಗಳಿನಲ್ಲಿ ಮದರಾಸಿನಿಂದ ತೆಲುಗಿನಲ್ಲಿ ಈ ಮಾಸಪತ್ರಿಕೆಯನ್ನು ಹೊರಡಿಸಿದರು. ತಮಿಳಿನಲ್ಲಿ ಅದು 'ಅಂಬುಲಿಮಾಮ' ಎಂಬ ಹೆಸರಿನಿಂದ ಬಂದಿತು. ಒಂದೆರಡು ವರ್ಷಗಳಲ್ಲೇ ಕನ್ನಡದ 'ಚಂದಮಾಮ'ವೂ ಹುಟ್ಟಿತು. ಇದೇ ಇಬ್ಬರು ಗೆಳೆಯರು ವಿಜಯಾ ಚಿತ್ರಸಂಸ್ಥೆಯ ಒಡೆಯರು. ೧೯೫೧ರ 'ಪಾತಾಳ ಭೈರವಿ', ೧೯೫೭ರ 'ಮಾಯಾಬಜಾರ್' ಚಿತ್ರಗಳನ್ನು ತೆಗೆದವರು. ಮಾಂತ್ರಿಕ, ಗುಹೆ, ನಿಧಿ, ಮಾಯೆ ಇವುಗಳ ಬಗೆಗೆ ಆ ಕಾಲದ ಜನಕ್ಕೆ ಎಂತಹ ಆಕರ್ಷಣೆಯಿತ್ತೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಸುಬ್ರಹ್ಮಣ್ಯಂ ೧೯೩೨ರಲ್ಲಿ ಗುಂಟೂರು ಜಿಲ್ಲೆಯಲ್ಲಿ ಹುಟ್ಟಿದರು. ೧೯೫೨ರಲ್ಲಿ, ಇಪ್ಪತ್ತರ ಹರೆಯದಲ್ಲಿ, 'ಚಂದಮಾಮ'ದ ಸಂಪಾದಕ ವರ್ಗವನ್ನು ಸೇರಿದರು. ತೆಲುಗಿನ ಹೆಸರಾಂತ ಕಥೆಗಾರರಾದ ಕೊಡವಟಿಗಂಟಿ ಕುಟುಂಬರಾಯರೂ ಅದೇ ಕಾಲಕ್ಕೆ ಪತ್ರಿಕೆಯ ಹೊಣೆ ಹೊತ್ತರು. ಕುಟುಂಬರಾಯರ ಕೈಯಲ್ಲಿ ಪತ್ರಿಕೆಯ ಗದ್ಯಕ್ಕೆ ಒಂದು ಶಿಸ್ತು ಬಂದಿತು. ವಾಕ್ಯ ಚಿಕ್ಕದಾಗಿರಬೇಕು, ಮಾತು ಬಳಕೆಯದಾಗಿರಬೇಕು, ಅಲಂಕಾರ ಕಥೆಯ ಕಾಲಿಗೆ ತೊಡಕಾಗಬಾರದು ಎಂಬುದು ಆ ಶಿಸ್ತಿನ ಸಾರ. ಪಂಚತಂತ್ರ, ಕಥಾಸರಿತ್ಸಾಗರ, ಜಾತಕ, ಅರಬ್ಬೀ ಕಥೆ, ಯಾವುದೇ ಆಗಲಿ, ಈ ಜರಡಿಯಲ್ಲಿ ಇಳಿದೇ ಬರಬೇಕಾಗಿತ್ತು. ಬರೆಯುವವರು ಹಲವರಾದರೂ ಓದುವ ಮಗುವಿಗೆ ಕೇಳಿಸುತ್ತಿದ್ದ ಧ್ವನಿ ಒಂದೇ. ಈ ಏಕಧ್ವನಿಯೇ 'ಚಂದಮಾಮ'ದ ದೊಡ್ಡ ಬಲ. ಸುಬ್ರಹ್ಮಣ್ಯಂ ಅವರ ಹೆಸರು ಮರೆಯಾದದ್ದೂ ಇದರ ಹಿಂದೆಯೇ.

ಅವರ ಮೊದಲ ಧಾರಾವಾಹಿ ೧೯೫೪ರಲ್ಲಿ ಆರಂಭವಾಯಿತು. ಅಲ್ಲಿಂದ ೧೯೮೦ರ ಆಸುಪಾಸಿನವರೆಗೆ ಬಂದ ಹನ್ನೆರಡು ಕಾದಂಬರಿಗಳನ್ನು ಅವುಗಳ ತೆಲುಗು ಹೆಸರಿನಿಂದಲೇ ಹೇಳುತ್ತೇನೆ: ತೋಕಚುಕ್ಕ, ಮಕರದೇವತ, ಮುಗ್ಗುರು ಮಾಂತ್ರಿಕುಲು, ಕಂಚುಕೋಟ, ಜ್ವಾಲಾದ್ವೀಪಂ, ರಾಕಾಸಿಲೋಯ, ಪಾತಾಳದುರ್ಗಂ, ಶಿಥಿಲಾಲಯಂ, ರಾತಿರಥಂ, ಯಕ್ಷಪರ್ವತಂ, ಮಾಯಾಸರೋವರಂ, ಭಲ್ಲೂಕ ಮಾಂತ್ರಿಕುಡು. ಈ ಹೆಸರುಗಳನ್ನು ಸಾಲಾಗಿ ಕೇಳಿದಾಗಲೇ ಒಂದು ಲೋಕದ ನಕ್ಷೆ ಕಣ್ಣ ಮುಂದೆ ಬರುತ್ತದೆ. ದ್ವೀಪ, ಕೋಟೆ, ಕಣಿವೆ, ಪರ್ವತ, ಸರೋವರ, ಪಾಳುಗುಡಿ. ನಡುವೆ ಆಕಾಶದಲ್ಲಿ ಒಂದು ಧೂಮಕೇತು.

ಹೆಸರುಗಳಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಜ್ವಾಲಾದ್ವೀಪ, ಪಾತಾಳದುರ್ಗ, ಶಿಥಿಲಾಲಯ, ಯಕ್ಷಪರ್ವತ, ಮಾಯಾಸರೋವರ ಇವು ಸಂಸ್ಕೃತದ ಸಮಾಸಗಳು. ಭಾರತದ ಯಾವ ಭಾಷೆಗೆ ಹೋದರೂ ಇವುಗಳಿಗೆ ಅನುವಾದದ ಕಾಟವಿಲ್ಲ. ಕೊನೆಯ ಪ್ರತ್ಯಯ ಬದಲಾದರೆ ಸಾಕು. ಪಾತ್ರಗಳ ಹೆಸರುಗಳೂ ಬಹುಮಟ್ಟಿಗೆ ಹೀಗೆಯೇ: ಏಕಾಕ್ಷಿ, ಚತುರ್ನೇತ್ರ, ಸಮರಸೇನ, ಖಡ್ಗವರ್ಮ, ಸಿದ್ಧಸಾಧಕ. ಹೆಸರು ಹೇಳಿದೊಡನೆ ಆಕೃತಿಯೋ ಗುಣವೋ ಹೊಳೆಯಬೇಕು. ಹಲವು ಭಾಷೆಗಳಲ್ಲಿ ಹೊರಡುವ ಪತ್ರಿಕೆಯ ಲೇಖಕನಿಗೆ ಇದು ಬಹಳ ಉಪಯುಕ್ತವಾದ ಜಾಣತನ.

ಉಳಿದ ಕೆಲವು ಹೆಸರುಗಳು ಅಚ್ಚ ದೇಸಿಯವು. ನಮ್ಮ ನಂದಿಯ ಸೀಮೆಗೆ, ಎಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯವರಿಗೆ, ಈ ದೇಸಿ ಹೆಸರುಗಳ ಸವಿಯೇ ಬೇರೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಒಂದೇ ಮಾತು ತೆಲುಗಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುವುದುಂಟು. ಕೈವಾರದ ಯೋಗಿ ನಾರೇಯಣರು, ಜನ ಅಕ್ಕರೆಯಿಂದ 'ತಾತಯ್ಯ' ಎನ್ನುವ ಆ ಮಹನೀಯರು, ಎರಡು ಭಾಷೆಗಳಲ್ಲೂ ಹಾಡಿದವರು. ಹಾಡುವ ಭಕ್ತರೂ ಎರಡನ್ನೂ ಒಂದೇ ಉಸಿರಿನಲ್ಲಿ ಹಾಡುತ್ತಾರೆ. ಇಂತಹ ನಾಡಿನ ಹುಡುಗನಿಗೆ 'ತೋಕಚುಕ್ಕ' ಎಂದರೆ ಬಾಲವಿರುವ ಚುಕ್ಕಿ ಎಂದೂ, 'ಕಂಚುಕೋಟ' ಎಂದರೆ ಕಂಚಿನ ಕೋಟೆ ಎಂದೂ, 'ರಾತಿರಥ' ಎಂದರೆ ಕಲ್ಲಿನ ತೇರು ಎಂದೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದರಾಸಿನಲ್ಲಿ ತೆಲುಗಿನಲ್ಲಿ ಹುಟ್ಟಿ ಕನ್ನಡವಾಗಿ ಬಂದ ಕಥೆಯನ್ನು ಆ ಹುಡುಗ ಕನ್ನಡದಲ್ಲಿ ಓದಿ, ಸಂಜೆ ಜಗುಲಿಯ ಮೇಲೆ ಕುಳಿತು ತಂಗಿಗೆ ತೆಲುಗಿನಲ್ಲಿ ಹೇಳುತ್ತಿದ್ದ. ಅನುವಾದವಾಗಿ ಬಂದ ಕಥೆ ಅವನ ಬಾಯಲ್ಲಿ ತನ್ನ ಮೂಲಕ್ಕೆ ಮರಳುತ್ತಿತ್ತು. ಇದು ಅವನಿಗೂ ತಿಳಿಯದು. ಮದರಾಸಿನಲ್ಲಿ ಕುಳಿತ ಲೇಖಕನಿಗೂ ತಿಳಿಯದು.

ನಮ್ಮ ನೆಲವೂ ಇಂತಹ ಕಥೆಗಳಿಗೆ ಒಗ್ಗುವಂತಹುದು. ಕೈವಾರವೇ ಮಹಾಭಾರತದ ಏಕಚಕ್ರನಗರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂದೂ ಜನ ನಂಬುತ್ತಾರೆ. ಒಂದರ ಮೇಲೊಂದು ಜೋಡಿಸಿಟ್ಟಂತಿರುವ ಹೆಬ್ಬಂಡೆಗಳು, ನಂದಿಯ ಮತ್ತು ಗುಡಿಬಂಡೆಯ ಹಳೆಯ ಕೋಟೆಗಳು, ಮಂಜು ಕವಿದ ಬೆಟ್ಟದ ನೆತ್ತಿ, ಇವನ್ನು ದಿನವೂ ನೋಡುವ ಮಗುವಿಗೆ 'ರಾಕ್ಷಸರ ಕಣಿವೆ' ಎಂಬುದು ದೂರದ ಕಲ್ಪನೆಯಾಗಿರಲಿಲ್ಲ. ೧೯೬೮ರಿಂದ ಬಂದ 'ಶಿಥಿಲಾಲಯ', ೧೯೭೨ರಿಂದ ಬಂದ 'ಯಕ್ಷಪರ್ವತ' ನನ್ನ ತಲೆಮಾರಿನವರ ಪಾಲಿಗೆ ಒದಗಿದವು. ಒಂದು ಸಂಚಿಕೆ ಒಂದು ಬೀದಿಯ ಐದಾರು ಮನೆಗಳನ್ನು ಸುತ್ತಿ ಬರುತ್ತಿತ್ತು. ಕೊನೆಯ ಮನೆಗೆ ಬರುವಷ್ಟರಲ್ಲಿ ಹೊದಿಕೆಯ ಕಾಗದ ಕಳಚಿಹೋಗಿರುತ್ತಿತ್ತು. ಧಾರಾವಾಹಿಯ ಪುಟಗಳ ಅಂಚು ಮೆತ್ತಗಾಗಿರುತ್ತಿತ್ತು.

ಇನ್ನು ಆ ಕಾದಂಬರಿಗಳ ರಚನೆಯನ್ನು ನೋಡೋಣ. ತಿಂಗಳಿಗೊಂದು ಕಂತು; ಪ್ರತಿ ಕಂತೂ ಕೆಲವೇ ಪುಟ. ಪ್ರಾರಂಭದಲ್ಲಿ ಹಿಂದಿನ ಕಥೆಯ ಸಂಗ್ರಹ. ಕೊನೆಯಲ್ಲಿ ಒಂದು ಅಪಾಯ, ಅಥವಾ ಅನಿರೀಕ್ಷಿತವಾದ ಒಂದು ಆಗಮನ. ಬಂಡೆಯ ಹಿಂದೆ ಯಾರೋ ಗರ್ಜಿಸುತ್ತಾರೆ. ಹಿಡಿದಿದ್ದ ಬಳ್ಳಿ ಕಡಿದುಹೋಗುತ್ತದೆ. ಅಷ್ಟರಲ್ಲಿ ಪುಟ ಮುಗಿಯುತ್ತದೆ. ಮುಂದಿನದಕ್ಕೆ ಮೂವತ್ತು ದಿನ ಕಾಯಬೇಕು. ಈ ಕಾಯುವಿಕೆಯಲ್ಲಿ ಮಗು ಸುಮ್ಮನಿರುವುದಿಲ್ಲ. ನಾಯಕ ಹೇಗೆ ಪಾರಾಗಬಹುದೆಂದು ತಾನೇ ಹತ್ತು ದಾರಿಗಳನ್ನು ಕಲ್ಪಿಸಿಕೊಳ್ಳುತ್ತದೆ. ತಿಂಗಳ ಕೊನೆಗೆ ಲೇಖಕನ ದಾರಿ ಹನ್ನೊಂದನೆಯದಾಗಿರಬೇಕು. ಒಂದೆರಡು ತಿಂಗಳು ಇದನ್ನು ಸಾಧಿಸುವುದು ಕಷ್ಟವಲ್ಲ. ಒಂದು ಕಾದಂಬರಿಯ ಉದ್ದಕ್ಕೂ, ಅದು ಮುಗಿದ ಮೇಲೆ ಇನ್ನೊಂದರ ಉದ್ದಕ್ಕೂ ಸಾಧಿಸಬೇಕಾದರೆ ಕಲ್ಪನೆಯ ಜೊತೆಗೆ ಕಟ್ಟುನಿಟ್ಟಿನ ಲೆಕ್ಕಾಚಾರವೂ ಬೇಕು. ಯಾವ ಪಾತ್ರ ಎಲ್ಲಿ ಉಳಿದಿದೆ, ಯಾವ ಆಯುಧ ಯಾರ ಕೈಯಲ್ಲಿದೆ, ಯಾರಿಗೆ ಯಾರು ಕೊಟ್ಟ ಮಾತು ಇನ್ನೂ ನಡೆಯದೆ ಇದೆ, ಇವೆಲ್ಲ ನೆನಪಿನಲ್ಲಿರಬೇಕು. ಮಕ್ಕಳು ಮರೆಯುವವರಲ್ಲ, ಒಂದು ತಪ್ಪಿದರೂ ಹಿಡಿಯುತ್ತಾರೆ.

ಮೊದಲ ಕಾದಂಬರಿಯನ್ನೇ ತೆಗೆದುಕೊಳ್ಳಬಹುದು. ಕುಂಡಲಿನೀ ದ್ವೀಪದ ರಾಜನ ಬಳಿ ಸಮರಸೇನನೆಂಬ ಸೇನಾನಿಯಿದ್ದಾನೆ. ಆಕಾಶದಲ್ಲಿ ಬಾಲಚುಕ್ಕಿ ಕಾಣಿಸಿಕೊಂಡ ಸಮಯದಲ್ಲಿ ಆತ ಹಡಗುಗಳಲ್ಲಿ ಸೈನಿಕರೊಡನೆ ಹೊರಟು ಅಪರಿಚಿತವಾದ ನೆಲವನ್ನು ಸೇರುತ್ತಾನೆ. ಅಲ್ಲಿ ಒಂದೇ ಕಣ್ಣಿನ ಏಕಾಕ್ಷಿ, ನಾಲ್ಕು ಕಣ್ಣಿನ ಚತುರ್ನೇತ್ರ ಎಂಬ ಇಬ್ಬರು ಮಾಂತ್ರಿಕರಿಗೆ ಪರಸ್ಪರ ಬದ್ಧದ್ವೇಷ. ಇಬ್ಬರ ಕಣ್ಣೂ ಒಂದೇ ನಿಧಿಯ ಮೇಲೆ. ಈ ಕಥೆಯ ಮುಂದುವರಿಕೆಯೇ 'ಮಕರದೇವತ'. ಮಂತ್ರವರಿಯದ ಸಮರಸೇನನು ಈ ಇಬ್ಬರು ಬಲಶಾಲಿಗಳ ನಡುವೆ ಸಿಕ್ಕಿಬಿದ್ದಿದ್ದಾನೆ. ಅವನು ಬದುಕಿ ಉಳಿಯಬೇಕಾದರೆ ಅವನಿಗಿರುವ ಸಾಧನ ಒಂದೇ: ಇಬ್ಬರ ಜಗಳವನ್ನು ಚೆನ್ನಾಗಿ ಗಮನಿಸುವುದು.

ಸುಬ್ರಹ್ಮಣ್ಯಂ ಅವರ ಎಲ್ಲ ಕಾದಂಬರಿಗಳ ಕೀಲಿಕೈ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಪುರಾಣದಲ್ಲಿ ರಾಕ್ಷಸನನ್ನು ದೇವರು ಕೊಲ್ಲುತ್ತಾನೆ. ಅಜ್ಜಿಯ ಕಥೆಯಲ್ಲಿ ರಾಜಕುಮಾರನಿಗೆ ಋಷಿಯೊಬ್ಬ ವರ ಕೊಡುತ್ತಾನೆ. ಇಲ್ಲಿ ಮೇಲಿನಿಂದ ಬರುವ ಸಹಾಯ ಕಡಿಮೆ. ಶಕ್ತಿಯುಳ್ಳವರು ಹಲವರಿದ್ದಾರೆ, ಅವರಲ್ಲಿ ಒಮ್ಮತವಿಲ್ಲ, ಅವರ ದುರಾಸೆಯೇ ಅವರನ್ನು ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡುತ್ತದೆ. ಆ ಸಂದಿನಲ್ಲಿ ಸಾಮಾನ್ಯ ಮನುಷ್ಯನಿಗೆ ಉಸಿರಾಡಲು ಎಡೆಯಿದೆ. ಮಗುವಿನ ಸ್ಥಿತಿಯೂ ಇದೇ ಅಲ್ಲವೆ? ಅದರ ಸುತ್ತ ಇರುವವರೆಲ್ಲ ಅದಕ್ಕಿಂತ ಎತ್ತರದವರು, ಬಲವುಳ್ಳವರು. ಅವರ ಮಾತು ಅದಕ್ಕೆ ಎಷ್ಟೋ ವೇಳೆ ಮಂತ್ರದಂತೆ ಅರ್ಥವಾಗದು. ದೊಡ್ಡವರ ಲೋಕದಲ್ಲಿ ಕಣ್ಣು ತೆರೆದುಕೊಂಡಿದ್ದರೆ ದಾರಿ ಸಿಕ್ಕುತ್ತದೆ ಎಂಬ ಧೈರ್ಯವನ್ನು ಈ ಕಥೆಗಳು ಕೊಟ್ಟವು. ನೀತಿವಾಕ್ಯದ ರೂಪದಲ್ಲಿ ಇದನ್ನು ಎಲ್ಲಿಯೂ ಹೇಳಲಿಲ್ಲ. ಹೇಳಿದ್ದರೆ ಮಗು ಆ ಪುಟವನ್ನು ದಾಟಿ ಓದುತ್ತಿತ್ತು.

ಎರಡನೆಯ ಲಕ್ಷಣ, ಜೋಡಿ ನಾಯಕರು. ಶಿಖಿಮುಖಿ ಮತ್ತು ವಿಕ್ರಮಕೇಸರಿ. ಖಡ್ಗವರ್ಮ ಮತ್ತು ಜೀವದತ್ತ. ಜಯಶೀಲ ಮತ್ತು ಸಿದ್ಧಸಾಧಕ. ಧೂಮಕ ಮತ್ತು ಸೋಮಕ. ಖಡ್ಗವರ್ಮನದು ಕತ್ತಿಯ ಕೈ, ಜೀವದತ್ತನದು ಮಂತ್ರದಂಡದ ಕೈ. ಒಬ್ಬ ಮುನ್ನುಗ್ಗಿದರೆ ಇನ್ನೊಬ್ಬ ತಡೆದು ಯೋಚಿಸುತ್ತಾನೆ. ಕಥೆ ಹೇಳುವ ದೃಷ್ಟಿಯಿಂದಲೂ ಇದು ಒಳ್ಳೆಯ ಉಪಾಯ: ಒಂಟಿ ನಾಯಕ ತನ್ನ ಯೋಚನೆಯನ್ನು ಮನಸ್ಸಿನಲ್ಲೇ ಮಾಡಬೇಕು, ಆಗ ಗದ್ಯ ಭಾರವಾಗುತ್ತದೆ, ಇಬ್ಬರಿದ್ದರೆ ಯೋಚನೆ ಸಂಭಾಷಣೆಯಾಗುತ್ತದೆ. ಮಕ್ಕಳಿಗೆ ಬೇಕಾದ ಸ್ನೇಹದ ಚಿತ್ರವೂ ಅದರ ಜೊತೆಗೆ ಬರುತ್ತದೆ.

ಮೂರನೆಯದು, ಹಳೆಯ ಕಥೆಗಳನ್ನು ತನ್ನದಾಗಿಸಿಕೊಳ್ಳುವ ರೀತಿ. 'ಮುಗ್ಗುರು ಮಾಂತ್ರಿಕುಲು' ಕಾದಂಬರಿಯ ನಾಯಕ ಪಿಂಗಳ, ಬಲೆ ಬೀಸಿ ಬದುಕುವವನು. ಅವನ ಕಥೆಯ ಬೀಜ ಅರಬ್ಬೀ 'ಸಾವಿರದ ಒಂದು ರಾತ್ರಿ'ಗಳ ಜೂದರನ ಕಥೆಯಲ್ಲಿದೆ. ಅಲ್ಲಿಯೂ ಜೂದರನೆಂಬ ಬೆಸ್ತ ಹುಡುಗನ ಬಳಿಗೆ ಮಾಂತ್ರಿಕರಾದ ಸೋದರರು ಒಬ್ಬರಾದ ಮೇಲೊಬ್ಬರು ಬಂದು, ತಮ್ಮ ಕೈಕಟ್ಟಿ ಸರೋವರಕ್ಕೆ ತಳ್ಳೆಂದು ಕೇಳಿಕೊಳ್ಳುತ್ತಾರೆ. ಬೀಜ ಹೊರಗಿನದಾದರೂ ಮರ ಬೆಳೆದದ್ದು ಈ ಮಣ್ಣಿನಲ್ಲಿ. ಅರಬ್ಬೀ ಕಥೆಯೊಂದು ತೆಲುಗು ಕಾದಂಬರಿಯಾಗಿ, ಕನ್ನಡ ಓದಾಗಿ, ಶಿಡ್ಲಘಟ್ಟದ ರೇಷ್ಮೆಹುಳು ಸಾಕುವ ಮನೆಯ ಮಗುವನ್ನು ಮುಟ್ಟುವ ದಾರಿ ಇದು. ನಮ್ಮ ಗುಣಾಢ್ಯನ ಬೃಹತ್ಕಥೆಯೂ ಹೀಗೆಯೇ ಭಾಷೆಯಿಂದ ಭಾಷೆಗೆ ದಾಟಿ ಬದುಕಿತು.

ಚಿತ್ರಕಾರರನ್ನು ಇಲ್ಲಿ ಮರೆಯಲಾಗದು. ಈ ಧಾರಾವಾಹಿಗಳ ಲೋಕಕ್ಕೆ ಕಣ್ಣು ಕೊಟ್ಟವರು 'ಚಿತ್ರಾ' ಎಂಬ ಹೆಸರಿನಿಂದ ಬರೆಯುತ್ತಿದ್ದ ಟಿ.ವಿ. ರಾಘವನ್. ಏಕಾಕ್ಷಿಯ ಮುಖ ಹೇಗಿರಬೇಕೆಂಬುದನ್ನು ಮಕ್ಕಳಿಗೆ ತಿಳಿಸಿದ್ದು ಅವರ ಕುಂಚ. ಬೇತಾಳನನ್ನು ಹೆಗಲ ಮೇಲೆ ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ನಮ್ಮ ಮನಸ್ಸಿನಲ್ಲಿ ನಿಲ್ಲಿಸಿದ 'ಶಂಕರ್' ೨೦೨೦ರವರೆಗೂ ಬದುಕಿದ್ದರು. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮವರೇ, ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಅಂಚೆಯ ಮೂಲಕ ಅನೇಕರಿಗೆ ಚಿತ್ರಕಲೆಯನ್ನು ಕಲಿಸಿದರು. ಚಿತ್ರದ ಮೂಲೆಯಲ್ಲಿ ಚಿತ್ರಕಾರನ ಸಹಿಗೆ ಜಾಗವಿತ್ತು. ಮಕ್ಕಳು ಆ ಸಹಿಯನ್ನು ಗುರುತು ಹಿಡಿಯುತ್ತಿದ್ದರು. ಕಥೆಯ ಅಡಿಯಲ್ಲಿ ಮಾತ್ರ ಸಹಿ ಇರಲಿಲ್ಲ.

ಕನ್ನಡದ ಮಕ್ಕಳ ಸಾಹಿತ್ಯದಲ್ಲಿ ಈ ಧಾರಾವಾಹಿಗಳಿಗೆ ಯಾವ ಸ್ಥಾನ? ಪಂಜೆ ಮಂಗೇಶರಾಯರು ಕಥೆಯನ್ನೂ ಹಾಡನ್ನೂ ಕೊಟ್ಟರು. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನವೊಂದನ್ನು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಗಿ ಪೂರ್ತಿ ನಮ್ಮದನ್ನಾಗಿ ಮಾಡಿದರು. ರಾಜರತ್ನಂ ಶಿಶುಗೀತೆಗಳನ್ನು ಬರೆದರು. ನಾ. ಕಸ್ತೂರಿಯವರು ಲೂಯಿಸ್ ಕ್ಯಾರಲನ ಆಲಿಸಳನ್ನು 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಕನ್ನಡಕ್ಕೆ ತಂದರು. ಶಿವರಾಮ ಕಾರಂತರು ಮಕ್ಕಳಿಗಾಗಿ ಜ್ಞಾನಭಂಡಾರವನ್ನೇ ತೆರೆದರು. ಇವೆಲ್ಲ ನಮ್ಮ ಹೆಮ್ಮೆ. ಆದರೆ ಎಂಟರಿಂದ ಹದಿನಾಲ್ಕರ ವಯಸ್ಸಿನ ಮಗು ತಿಂಗಳುಗಟ್ಟಲೆ ಒಳಗೆ ವಾಸಮಾಡಬಹುದಾದ ದೀರ್ಘವಾದ ಅದ್ಭುತ ಕಾದಂಬರಿ ನಮ್ಮಲ್ಲಿ ವಿರಳ. ಆ ತೆರವನ್ನು ಬಹುಕಾಲ ತುಂಬಿದ್ದು 'ಚಂದಮಾಮ'ದ ಈ ಧಾರಾವಾಹಿಗಳು. ದಪ್ಪ ಕಾದಂಬರಿಯನ್ನು ಹಿಡಿದು ಕೂಡುವ ಅಭ್ಯಾಸ ನಮ್ಮ ತಲೆಮಾರಿನ ಎಷ್ಟೋ ಮಂದಿಗೆ ಬಂದದ್ದು ಇಲ್ಲಿಂದ. ಸಾಹಿತ್ಯ ಚರಿತ್ರೆಯಲ್ಲಿ ಇದಕ್ಕೆ ಒಂದು ಸಾಲಾದರೂ ಸಲ್ಲಬೇಕು.

ಆಕ್ಷೇಪಗಳೂ ಇವೆ. ಮಂತ್ರ ಮಾಟಗಳ ಕಥೆ ಮಕ್ಕಳಲ್ಲಿ ಮೂಢನಂಬಿಕೆಯನ್ನು ಬೆಳೆಸುತ್ತದೆ ಎಂದು ಹಿಂದೆ ಉಪಾಧ್ಯಾಯರು ಹೇಳುತ್ತಿದ್ದರು. ಈ ಕಾದಂಬರಿಗಳ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದಲ್ಲ. ಇಲ್ಲಿಯ ಮಾಂತ್ರಿಕ ಪೂಜೆಗೆ ಅರ್ಹನಲ್ಲ. ಅವನಿಗೂ ಹಸಿವು, ಭಯ, ಅಸೂಯೆಗಳಿವೆ, ಅವನೂ ಮೋಸಹೋಗುತ್ತಾನೆ. ಮಂತ್ರಕ್ಕೂ ಮಿತಿಯುಂಟು, ಬುದ್ಧಿಯಿಂದ ಅದನ್ನು ಎದುರಿಸಬಹುದು ಎಂದು ಓದುತ್ತ ಓದುತ್ತ ಮಗು ಕಲಿಯುತ್ತದೆ. ಭರತನು ಅದ್ಭುತರಸಕ್ಕೆ ವಿಸ್ಮಯವನ್ನು ಸ್ಥಾಯಿಯಾಗಿ ಹೇಳಿದ್ದಾನೆ. ವಿಸ್ಮಯಕ್ಕೂ ಮೌಢ್ಯಕ್ಕೂ ಅಂತರವಿದೆ: ಮೌಢ್ಯ ಪ್ರಶ್ನೆಯನ್ನು ಅಡಗಿಸುತ್ತದೆ, ವಿಸ್ಮಯ ಪ್ರಶ್ನೆಯನ್ನು ಎಬ್ಬಿಸುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಈ ಕಾದಂಬರಿಗಳಲ್ಲಿ ಸಾಹಸವೆಲ್ಲ ಗಂಡುಮಕ್ಕಳದು. ಸ್ತ್ರೀಪಾತ್ರಗಳು ಬಹಳ ವೇಳೆ ಬಿಡಿಸಿ ತರಬೇಕಾದ ರಾಜಕುಮಾರಿಯರು. ಕಾಡಿನ ಜನರು ಬರುವಲ್ಲಿಯೂ ನಗರದವರ ಕಣ್ಣಿನ ಕಲ್ಪನೆ ಇಣುಕುತ್ತದೆ. ಇಂದಿನ ಮಕ್ಕಳ ಕೈಗೆ ಕೊಡುವಾಗ ಹಿರಿಯರು ಈ ಮಾತನ್ನು ಜೊತೆಯಲ್ಲಿ ಕುಳಿತು ಆಡಬೇಕು. ಆ ಕಾಲದ ಪ್ರಪಂಚದ ಬಹುಪಾಲು ಸಾಹಸಕಥೆಗಳಿಗೂ ಇದೇ ದೋಷವಿದ್ದಿತು ಎಂಬುದು ಸಮಾಧಾನವಲ್ಲ, ಆದರೆ ಸತ್ಯ.

ಪ್ರಪಂಚದ ಮಾತು ಬಂದುದರಿಂದ ಒಂದು ಹೋಲಿಕೆ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ನರ 'ಉಂಗುರಗಳ ಒಡೆಯ' ಪ್ರಕಟವಾದದ್ದು ೧೯೫೪-೫೫ರಲ್ಲಿ. ಅವರ ಗೆಳೆಯ ಸಿ.ಎಸ್. ಲೂಯಿಸರ ನಾರ್ನಿಯಾ ಕಥೆಗಳು ಬಂದದ್ದು ೧೯೫೦ರಿಂದ ೧೯೫೬ರವರೆಗೆ. ಅದೇ ೧೯೫೪ರಲ್ಲಿ ಇಪ್ಪತ್ತೆರಡು ವರ್ಷದ ಸುಬ್ರಹ್ಮಣ್ಯಂ ಮದರಾಸಿನಲ್ಲಿ ಬಾಲಚುಕ್ಕಿಯ ಕಥೆಯನ್ನು ಆರಂಭಿಸಿದರು. ಇವರ ಬರಹವನ್ನು ಅವರ ಬರಹದ ಪಕ್ಕದಲ್ಲಿ ಇಟ್ಟು ತೂಗುವುದು ನನ್ನ ಉದ್ದೇಶವಲ್ಲ. ಪ್ರಾಚೀನ ಭಾಷೆಗಳ ಪಾಂಡಿತ್ಯವನ್ನು ಧಾರೆಯೆರೆದು ಬರೆದ ಮಹಾಕೃತಿಯೇ ಬೇರೆ, ತಿಂಗಳ ಗಡುವಿಗೆ ಒಪ್ಪಿಸಿದ ಧಾರಾವಾಹಿಯೇ ಬೇರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಇಬ್ಬರ ಕೃತಿಗಳ ಮೇಲೆ ಅವರ ಹೆಸರಿತ್ತು. ಓದಿದ ಮಕ್ಕಳು ಅವರಿಗೆ ಪತ್ರ ಬರೆದರು, ಲೂಯಿಸರು ಮಕ್ಕಳಿಗೆ ಉತ್ತರ ಬರೆದರು. ಆ ಪತ್ರಗಳೇ ಮುಂದೆ ಪುಸ್ತಕವಾದವು. ನಮ್ಮ ಮಕ್ಕಳಿಗೂ ಬರೆಯುವ ಆಸೆ ಇದ್ದಿತು. ಯಾರ ಹೆಸರಿಗೆ ಬರೆಯುವುದು?

ಪತ್ರಿಕೆಯ ಪರವಾಗಿಯೂ ಹೇಳಬಹುದಾದ ಮಾತಿದೆ. 'ಚಂದಮಾಮ' ತನ್ನನ್ನು ಲೇಖಕರ ವೇದಿಕೆಯೆಂದು ಭಾವಿಸಲಿಲ್ಲ. ಮನೆಮನೆಗೆ ಬರುವ ಅಜ್ಜಿಯೆಂದು ಭಾವಿಸಿತು. ಸುಬ್ರಹ್ಮಣ್ಯಂ ಅಲ್ಲಿಯ ಸಂಬಳದ ನೌಕರರು. ಅಚ್ಚಿಗೆ ಹೋಗುವ ಉಳಿದ ಕಥೆಗಳನ್ನು ತಿದ್ದುವುದು ಹೇಗೆ ಅವರ ಕೆಲಸವೋ ಧಾರಾವಾಹಿ ಬರೆಯುವುದೂ ಹಾಗೆಯೇ ಕೆಲಸವೆಂದು ಎಣಿಕೆಯಾಯಿತು. ಕುಟುಂಬರಾಯರಂತಹ ದೊಡ್ಡ ಲೇಖಕರೂ ಅಲ್ಲಿ ಹೆಸರಿಲ್ಲದೆ ಬರೆದರು. ಪ್ರತಿ ತಿಂಗಳೂ ಕನ್ನಡಕ್ಕೆ ತಂದವರ ಹೆಸರನ್ನೂ ಓದುಗರು ಕಾಣಲಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂದಮೇಲೆ ಅದರಲ್ಲಿ ಒಬ್ಬರ ಮೇಲಣ ದ್ವೇಷವೇನೂ ಇಲ್ಲ.

ಆದರೂ ಜನಪದ ಕಥೆಯನ್ನು ಸರಳಗೊಳಿಸಿ ಬರೆಯುವುದಕ್ಕೂ, ಇಲ್ಲದ ದ್ವೀಪವೊಂದನ್ನು ಸೃಷ್ಟಿಸಿ ಅದಕ್ಕೆ ಕಾಡು, ಕೋಟೆ, ಜನ, ಜಗಳಗಳನ್ನು ಹೊಂದಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಸಂಪಾದನೆ, ಎರಡನೆಯದು ಕಾವ್ಯಕರ್ಮ. ಕನ್ನಡದ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಬರೆದಾಗ, ತನ್ನ ಕೃತಿ ವಸುಭಾಗಭಟ್ಟನನ್ನು ಅನುಸರಿಸಿದ್ದೆಂದು ಸ್ಪಷ್ಟವಾಗಿ ಹೇಳಿದ. ಅದರ ಮೂಲ ಗುಣಾಢ್ಯನಲ್ಲಿದೆಯೆಂದೂ ಸ್ಮರಿಸಿದ. ವಸುಭಾಗನ ಹೆಸರು ಇಂದಿಗೂ ವಿದ್ವಾಂಸರ ನಾಲಗೆಯ ಮೇಲಿರುವುದಕ್ಕೆ ದುರ್ಗಸಿಂಹನ ಈ ಕೃತಜ್ಞತೆ ಒಂದು ಮುಖ್ಯ ಕಾರಣ. ಓಲೆಗರಿಯ ಕಾಲದಲ್ಲಿ ಪಾಲಿಸಿದ ಈ ಮರ್ಯಾದೆಗೆ ಅಚ್ಚಿನ ಕಾಲದಲ್ಲಿ ಒಂದು ಸಾಲಿನ ಜಾಗ ಸಿಕ್ಕದೆ ಹೋಯಿತು.

ಸುಬ್ರಹ್ಮಣ್ಯಂ ಅರ್ಧ ಶತಮಾನಕ್ಕೂ ಮೀರಿ '‌ಚಂದಮಾಮ'ದಲ್ಲಿ ದುಡಿದರು. ೧೯೮೦ರಲ್ಲಿ ಕುಟುಂಬರಾಯರು ತೀರಿಕೊಂಡರು. ಅದೇ ಸುಮಾರಿಗೆ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳ ಕಾಲವೂ ಮುಗಿಯಿತು. ನೌಕರಿ ಮಾತ್ರ ಮುಂದುವರಿಯಿತು. ೧೯೯೮ರಲ್ಲಿ ಪತ್ರಿಕೆ ನಿಂತು, ಒಂದು ವರ್ಷದ ತರುವಾಯ ಮತ್ತೆ ಹೊರಟಿತು; ಒಡೆತನ ಬದಲಾಯಿತು; ೨೦೧೩ರ ಹೊತ್ತಿಗೆ ನಿಂತೇ ಹೋಯಿತು. ಅಷ್ಟರಲ್ಲಿ ಅವರು ಇರಲಿಲ್ಲ. ೨೦೧೦ರ ಜನವರಿಯಲ್ಲಿ ವಿಜಯವಾಡದಲ್ಲಿ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತೇಳು ವರ್ಷ. ಅವರ ಕಥೆಗಳನ್ನು ಬಾಲ್ಯದಲ್ಲಿ ಓದಿ ಬೆಳೆದ ತೆಲುಗಿನ ಅಭಿಮಾನಿಗಳು ಅವರ ಕೊನೆಗಾಲದಲ್ಲಿ ಅವರನ್ನು ಗುರುತಿಸಿ, ಅವರನ್ನು ಕುರಿತು ಬರೆದರು. ಧಾರಾವಾಹಿಗಳು ಅವರ ಹೆಸರಿನಲ್ಲಿ ಪುಸ್ತಕಗಳಾಗಿ ಬಂದವು. ಐವತ್ತು ವರ್ಷ ತಡವಾಗಿಯಾದರೂ ತೆಲುಗು ತನ್ನ ಸಾಲವನ್ನು ತೀರಿಸತೊಡಗಿತು.

ಕನ್ನಡದ ಓದುಗರಾದ ನಾವೂ ಆ ಸಾಲದಲ್ಲಿ ಪಾಲುದಾರರೇ. ನಂದಿಯ ತಪ್ಪಲಿನವರಂತೂ ಎರಡು ಭಾಷೆಗಳ ಕಡೆಯಿಂದಲೂ ಸಾಲಗಾರರು. ಅದನ್ನು ತೀರಿಸುವುದಕ್ಕೆ ಉತ್ಸವ, ಪ್ರತಿಮೆಗಳು ಬೇಕಾಗಿಲ್ಲ. ಹಳೆಯ ಮನೆಗಳ ಅಟ್ಟದ ಮೇಲೆ, ಊರಿನ ಗ್ರಂಥಾಲಯಗಳ ಕಪಾಟಿನಲ್ಲಿ ಐವತ್ತರಿಂದ ಎಪ್ಪತ್ತರ ದಶಕದ ಸಂಚಿಕೆಗಳು ಬಿಡಿಬಿಡಿಯಾಗಿ ಇನ್ನೂ ಉಳಿದಿರುತ್ತವೆ. ಅವನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕು. ಒಂದೊಂದು ಕಾದಂಬರಿಯ ಕಂತುಗಳನ್ನು ಕೂಡಿಸಿ ಒಟ್ಟಾಗಿ ಹೊಲಿಸಿದರೆ ಮನೆಯ ಮಕ್ಕಳಿಗೆ ಒಂದು ಪುಸ್ತಕವಾಗುತ್ತದೆ. ಅವು ಕನ್ನಡದಲ್ಲಿ ಮತ್ತೆ ಅಚ್ಚಾಗುವುದಾದರೆ ಪ್ರಕಾಶಕರು ಮೂಲ ಲೇಖಕರ ಹೆಸರನ್ನು ಮೊದಲ ಪುಟದಲ್ಲಿ ಹಾಕಲಿ. ಗೊತ್ತಾದರೆ ಅನುವಾದಕರ ಹೆಸರನ್ನೂ ಹಾಕಲಿ. ಮಕ್ಕಳ ಸಾಹಿತ್ಯವನ್ನು ಪಾಠ ಹೇಳುವ ಅಧ್ಯಾಪಕರು ಪಂಜೆ, ಕುವೆಂಪು, ರಾಜರತ್ನಂ ಅವರ ಜೊತೆಗೆ ಈ ಹೆಸರನ್ನೂ ಒಮ್ಮೆ ಉಚ್ಚರಿಸಲಿ.

ಅಟ್ಟದಿಂದ ಇಳಿಸಿ ಹೊಲಿಸಿದ ಆ ಕಟ್ಟಿಗೆ ಮೇಲೊಂದು ಬಿಳಿಯ ಹಾಳೆ ಇರುತ್ತದಷ್ಟೆ. ಅದರ ಮೇಲೆ ಕಾದಂಬರಿಯ ಹೆಸರು, ಅದರ ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ 'ದಾಸರಿ ಸುಬ್ರಹ್ಮಣ್ಯಂ' ಎಂದು ಯಾರಾದರೂ ಬರೆದಿಟ್ಟರೆ ಸಾಕು. ಓದುವ ಮಗು ಎಂದಾದರೊಂದು ದಿನ ದೊಡ್ಡದಾಗಿ, ಇದನ್ನು ಕಟ್ಟಿದವರು ಯಾರೆಂದು ಕೇಳಿದಾಗ ಉತ್ತರ ಅಲ್ಲೇ ಇರುತ್ತದೆ.